ಸಿಗಡಿ ಶಾವಿಗೆಯ ಮೇಲೆ ಹಾಲಿನ ಸಿಹಿ

ನನಗೆ ಅಡುಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಬಂದು ನನ್ನ ಹತ್ತಿರ ಅಳತೆ ಕೇಳಬಾರದು. ನಾನು ಬಡಿದ ರೊಟ್ಟಿಯನ್ನು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿ, ಬಗ್ಗದೆ, "ಇದನ್ನ ಎತ್ತಿನ ಕಾಲಿಗೆ ಲಾಳ ಬಡೀಬಹುದು ನೋಡು" ಎನ್ನುತ್ತಿದ್ದಳು. ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ನನಗೆ ಮಾತ್ರ ಎಳ್ಳಷ್ಟೂ ನಾಚಿಕೆ ಇರಲಿಲ್ಲ. ಈಗಲೂ ಇಲ್ಲ, ಯಾಕೆಂದರೆ ಅಡುಗೆ ಬರದೇ ಇದ್ದುದರಿಂದಲೇ ನನ್ನ ಮದುವೆ ಆಯಿತು.

ಇದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಅಪ್ಪನ ಟೇಲರ್ ಅಂಗಡಿ, ಅಲ್ಲಿಂದ ಎರಡು ಓಣಿ ದಾಟಿದರೆ ಮನೆ. ಮನೆಯಲ್ಲಿ ಅಪ್ಪ, ಅವ್ವ, ಆಯಿ, ನಾನು. ನಮ್ಮದು ಮೀನು ಮಾಂಸ ತಿನ್ನುವ ಮನೆಯೇ, ಆದರೆ ಒಳಗಿನ ಒಲೆಗೆ ಅವುಗಳ ಸುಳಿವು ಹತ್ತಬಾರದು. ಅದಕ್ಕೆ ಹಿತ್ತಲಲ್ಲಿ ಬೇರೆ ಒಲೆ ಇತ್ತು. ಆ ಹಿತ್ತಲ ಒಲೆಯ ಮೇಲೆ ನನ್ನ ಹಣೆಬರಹ ಕುದಿಯಿತು.

ಬಸವಕಲ್ಯಾಣದಿಂದ ಒಬ್ಬ ಹುಡುಗ ನನ್ನನ್ನು ನೋಡಲು ಬಂದ, ಜೊತೆಗೆ ಅವನ ತಾಯಿ. ಅವ್ವ ಬೆಳಗ್ಗೆಯೇ ಚುರುಮುರಿ ನೆನೆಸಿ ಸುಸಲಾ ಮಾಡಿದ್ದಳು. ಯಾರು ಮಾಡಿದ್ದೆಂದು ಕೇಳಿದರೆ ನಾನೇ ಮಾಡಿದ್ದೆನ್ನಬೇಕು ಎಂದು ನನ್ನ ಕಿವಿ ಹಿಂಡಿಯೂ ಹೇಳಿದ್ದಳು. ನಾನು ತಾಟು ಇಟ್ಟು ಕೂತೆ. ಹುಡುಗನ ತಾಯಿ ಎರಡು ತುತ್ತು ತಿಂದು, "ಸುಸಲಾ ಛಲೋ ಆಗ್ಯದ. ನೀನ ಮಾಡಿದೇನವಾ?" ಎಂದರು.

ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಲ್ಲ. "ಇಲ್ರಿ, ಅವ್ವ ಮಾಡ್ಯಾಳ. ನನಗ ಅಡಗಿ ಬರಂಗಿಲ್ಲ" ಎಂದುಬಿಟ್ಟೆ.

ಅವ್ವ ಬಾಗಿಲ ಹಿಂದಿನಿಂದ "ಅಯ್ಯ ಇವಳ!" ಎಂದದ್ದು ಎಲ್ಲರಿಗೂ ಕೇಳಿಸಿತು. ಆಗ ಹುಡುಗ ಫಕ್ಕನೆ ನಕ್ಕ. "ಇರ್ಲಿ ಬಿಡವ್ವಾ, ನನಗ ಬರ್ತದಲ್ಲ" ಎಂದು ತಾಯಿಗೆ ಹೇಳಿದ.

ನಾನು ತಲೆ ಎತ್ತಿ ನೋಡಿದೆ. ಕದ್ದು ನೋಡಲಿಲ್ಲ, ನೆಟ್ಟಗೆ ನೋಡಿದೆ. ಕಿವಿ ಎರಡೂ ಹೊರಗೆ ಚಾಚಿಕೊಂಡಿದ್ದವು, ಮುಂದಿನ ಹಲ್ಲೊಂದು ಚೂರು ಸೊಟ್ಟ. ಅಷ್ಟು ಚಂದದ ಹುಡುಗನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಪ್ಪ ಕೆಮ್ಮಿ, "ಏನ್ ಉದ್ಯೋಗ ನಿಮ್ಮದು?" ಎಂದು ಕೇಳಿದ.

"ಬಂಬೈದಾಗ ಒಂದು ದೊಡ್ಡ ಹೋಟೆಲಿನ ಅಡಗಿಮನ್ಯಾಗ ಅದೀನ್ರಿ ಕಾಕಾ. ಪರದೇಶದ ಮಂದಿ ಉಣ್ಣೋ ಅಡಗಿ ಮಾಡ್ತೀನಿ."

ಅಪ್ಪನ ಮುಖ ಹರಳೆಣ್ಣೆ ಕುಡಿದವರ ಹಾಗೆ ಆಯಿತು. ಅವರು ಹೊಸ್ತಿಲು ದಾಟಿದ್ದೇ ತಡ, ಅಪ್ಪ ಶುರು ಮಾಡಿದ. "ಒಲಿ ಊದೋ ಗಂಡಸಿಗೆ ನಾ ಮಗಳನ್ನ ಕೊಡಂಗಿಲ್ಲ. ಅಳಿಯ ಏನ್ ಮಾಡ್ತಾನ ಅಂತ ಮಂದಿ ಕೇಳಿದ್ರ ಏನ್ ಹೇಳಲಿ? ಪಲ್ಯಾ ಮಾಡ್ತಾನ ಅನ್ಲೇನು?"

ಅಪ್ಪನ ಮನಸ್ಸಿನಲ್ಲಿ ಬೇರೊಂದು ವರ ಇತ್ತು. ಹಳ್ಳಿಖೇಡದ ಕಡೆಯವನು, ಗುಮಾಸ್ತ, ಕಾಯಂ ನೌಕರಿ. ಅವನೂ ಒಮ್ಮೆ ಬಂದು ನನ್ನನ್ನು ನೋಡಿ ಹೋಗಿದ್ದ. ಕಡು ಬೇಸಿಗೆಯಲ್ಲಿ ಕೋಟು ಹಾಕಿಕೊಂಡು ಬಂದು, ಒಂದೂ ಮಾತಾಡದೆ ಚಹಾ ಕುಡಿದು, ಬೆವರೊರೆಸಿಕೊಂಡು ಹೋದ. ಅವನನ್ನು ದೂರಲು ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ಅವನ ತೊಂದರೆ. ನನಗೆ ಬೇಕಾಗಿದ್ದವನು ಕಿವಿ ಚಾಚಿದ ಅಡುಗೆಯವನು. ಅವನು ಸಿಗದಿದ್ದರೆ ಜೀವ ಕೊಡುತ್ತೇನೆ ಎನ್ನುವಷ್ಟು ಧೈರ್ಯ ನನಗಿರಲಿಲ್ಲ. ಆದರೆ ಊಟ ಬಿಡುವಷ್ಟಿತ್ತು, ಬಿಟ್ಟೆ. ಆಯಿ ನೋಡಿ, "ಹುಚ್ಚು ಬಿಡದ ಹೊರತು ಮದುವಿ ಆಗಂಗಿಲ್ಲ, ಮದುವಿ ಆಗದ ಹೊರತು ಹುಚ್ಚು ಬಿಡಂಗಿಲ್ಲ" ಎಂದು ಹೇಳಿ, ಸೆರಗಿನಲ್ಲಿ ಮುಚ್ಚಿಕೊಂಡು ನನಗೆ ಶೇಂಗಾ ಬೆಲ್ಲ ತಂದುಕೊಟ್ಟಳು.

ಹುಡುಗನ ತಾಯಿ ಸುಮ್ಮನೆ ಬಿಡುವ ಹೆಂಗಸಾಗಿರಲಿಲ್ಲ. ಒಬ್ಬರೇ ಬಸ್ಸು ಹತ್ತಿ ಬಂದು ಅಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತರು. "ಅಣ್ಣಾರ, ಬ್ಯಾಡ ಅಂತೀರಿ, ಅನ್ರಿ. ಆದ್ರ ನನ್ನ ಮಗನ ಕೈದು ಒಂದು ಊಟ ಉಂಡು ಆಮ್ಯಾಲ ಅನ್ರಿ. ನಿಮ್ಮ ಮನ್ಯಾಗ, ನಿಮ್ಮ ಒಲಿ ಮ್ಯಾಲ. ಅವ ಮಾಡೋದು ಏನಂತ ನೋಡದ ಇಲ್ಲ ಅನಬ್ಯಾಡ್ರಿ."

ಅಪ್ಪ ಸಿಕ್ಕಿಬಿದ್ದ. ನಮ್ಮ ಕಡೆ ಹೆಣ್ಣು ಕೊಡುವುದಿಲ್ಲ ಎನ್ನಬಹುದು, ಉಣ್ಣುವುದಿಲ್ಲ ಎನ್ನುವಂತಿಲ್ಲ. ಅನ್ನಕ್ಕೆ ಇಲ್ಲ ಅಂದವನು ಯಾವ ಮಾತಿಗೂ ಬಾರದವನು. "ಆಯ್ತ್ರಿ ತಂಗಿ. ಒಂದ ಊಟ. ಅದು ಆದ ಮ್ಯಾಲ ನನ್ನ ಮಾತ ಅಖೇರಿ" ಎಂದ. ಆ ಸುದ್ದಿ ಮನೆಗೆ ಬಂದಾಗ ನಾನು ಬಾವಿಯ ಕಟ್ಟೆಯ ಹತ್ತಿರ ಒಬ್ಬಳೇ ಗರಗರ ತಿರುಗಿ ಕೊಡ ಒಡೆದೆ.

ಹುಡುಗ ಮುಂದಿನ ಸಲ ಮುಂಬೈಯಿಂದ ರಜೆಗೆ ಬಂದವನು ನೇರ ನಮ್ಮ ಊರಿಗೇ ಬಂದ. ಒಬ್ಬನೇ ಅಲ್ಲ. ಅವನ ಹಿಂದೆ ಬಸ್ ನಿಲ್ದಾಣದ ನಾಯಿಗಳೆಲ್ಲ ಇದ್ದವು. ತಲೆಯ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ಮೂಲೆಯಿಂದ ತೊಟ್ಟಿಕ್ಕುವ ನೀರು, ಹಿಂದೆ ನಾಯಿಗಳ ಮೆರವಣಿಗೆ. ಅವು ಅಪ್ಪನ ಅಂಗಡಿಯ ಮುಂದಿನಿಂದಲೇ ಬಂದವು. ಅಪ್ಪ ಹೊಲಿಗೆ ಯಂತ್ರದ ಮೇಲೆ ತಲೆ ಬಗ್ಗಿಸಿ ಅವನ ಗುರುತೇ ಇಲ್ಲದವನಂತೆ ಕೂತನಂತೆ.

ಆಗಿದ್ದೇನೆಂದರೆ, ಅವನು ಮುಂಬೈಯಲ್ಲಿ ಒಳ್ಳೊಳ್ಳೆಯ ಹಸಿ ಸಿಗಡಿ ಕೊಂಡು, ಮಂಜುಗಡ್ಡೆ ಮತ್ತು ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ ಪೆಟ್ಟಿಗೆಗೆ ತುಂಬಿದ್ದ. ಸೊಲ್ಲಾಪುರದಲ್ಲಿ ರೈಲಿಳಿದಾಗ ಹೊಸ ಮಂಜುಗಡ್ಡೆಯನ್ನೂ ಹಾಕಿದ್ದ. ಆದರೆ ಉಮರ್ಗಾ ದಾಟಿದ ಮೇಲೆ ಬಸ್ಸು ಕೆಟ್ಟು ಬಿಸಿಲಲ್ಲಿ ನಿಂತಿತು. ಪೆಟ್ಟಿಗೆ ಬಸ್ಸಿನ ತಲೆಯ ಮೇಲೆ. ಕಿಟಕಿ ಹತ್ತಿರ ಕೂತಿದ್ದ, ತಲೆಗೆ ಪಟಗಾ ಸುತ್ತಿದ ಮುದುಕರೊಬ್ಬರ ಕೈ ಮೇಲೆ ಒಂದು ಹನಿ ಬಿತ್ತಂತೆ. "ಬ್ಯಾಸಿಗ್ಯಾಗ ಮಳಿ ಬಂತಲ್ಲೋ!" ಎಂದು ಅವರು ಸಂತೋಷದಿಂದ ಅಂಗೈ ಹೊರಗೆ ಚಾಚಿದರು. ಆಮೇಲೆ ಅಂಗೈ ಮೂಸಿ ನೋಡಿಕೊಂಡರು. ಉಳಿದದ್ದನ್ನು ಅವನು ನಮಗೆ ಪೂರ್ತಿ ಹೇಳಲಿಲ್ಲ. ದಾರಿಯುದ್ದಕ್ಕೂ ಆ ಮುದುಕರು ಬೈದ ಬೈಗುಳ ಹೆಂಗಸರ ಮುಂದೆ ಹೇಳುವಂಥದ್ದಲ್ಲ ಎಂದ.

ಹಿತ್ತಲಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ತುಳಸಿ ಕಟ್ಟೆಯವರೆಗೆ ಹಿಂದೆ ಸರಿದಳು. ಸಿಗಡಿ ಕೊಳೆತು ಹೋಗಿತ್ತು. ಮುರಿಯಬಾರದೆಂದು ಪರದೇಶದ ಶಾವಿಗೆಯ ಪೊಟ್ಟಣವನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಅದು ಕರಗಿದ ನೀರು ಕುಡಿದು ಗಂಜಿಯಾಗಿ, ಗಂಜಿಯೊಳಗೆ ಕಟ್ಟಿಗೆ ಹೊಟ್ಟು ಸೇರಿಕೊಂಡಿತ್ತು. ಹುಡುಗ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದ. ಆ ಚಾಚಿದ ಕಿವಿಗಳು ಕೂಡ ಜೋತುಬಿದ್ದ ಹಾಗೆ ಕಂಡವು. ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಒಟ್ಟಿಗೆ ತಡೆಯಲಾಗದೆ ಬಿಕ್ಕಳಿಕೆ ಬಂತು.

ಅವನ ತಾಯಿ ಅಷ್ಟರಲ್ಲಿ ಬಸವಕಲ್ಯಾಣದಿಂದ ಬಂದು ಸೇರಿದ್ದರು. "ಅಣ್ಣಾರಿಗೆ ಕೇಳ್ರಿ, ಊಟ ನಾಳಿಗಿಡೋಣು" ಎಂದರು. ಅವ್ವ ಅಂಗಡಿಗೆ ಹೋಗಿ ಕೇಳಿ ಬಂದಳು. "ಇವತ್ತ ಅಂದ್ರ ಇವತ್ತ" ಎಂದಿದ್ದನಂತೆ ಅಪ್ಪ.

ಆಗ ಎದ್ದವಳು ಆಯಿ. "ಏಳೋ ತಮ್ಮಾ. ಎಲ್ಲಾ ಇದ್ದಾಗ ಯಾರಾರ ಮಾಡ್ತಾರ. ಮನ್ಯಾಗ ಇದ್ದದ್ದು ಹಚ್ಚಿ ಮಾಡವ ಅಡಗಿಯವ" ಎಂದು ಒಳಗೆ ಹೋಗಿ ಎರಡು ಸಾಮಾನು ತಂದಳು. ಒಂದು ಬುಟ್ಟಿ ತುಂಬ ಕೈಶಾವಿಗೆ, ಅವಳೇ ಗೋದಿ ಹಿಟ್ಟು ನಾದಿ, ಎಳೆದು, ಕೋಲಿನ ಮೇಲೆ ಒಣಗಿಸಿದ್ದು. ಇನ್ನೊಂದು, ಸಂತೆಯಲ್ಲಿ ಕೊಂಡ ಒಣ ಸಿಗಡಿಯ ಡಬ್ಬಿ. ನಮ್ಮಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ, ಆದರೆ ಸಮುದ್ರದ ಒಣ ಸಿಗಡಿ ಸಂತೆಗೆ ತಪ್ಪದೆ ಬರುತ್ತಿತ್ತು. ಹುಡುಗ ಶಾವಿಗೆಯ ಒಂದು ಎಳೆ ಮುರಿದು ಬಾಯಿಗಿಟ್ಟುಕೊಂಡ, ಸಿಗಡಿ ಮೂಸಿದ, ಒಮ್ಮೆಲೇ ಅಂಗಿಯ ತೋಳು ಮೇಲೇರಿಸಿದ. ಕಿವಿ ಮತ್ತೆ ನಿಂತವು.

ಹುಡುಗಿ ಹುಡುಗನ ಹತ್ತಿರ ನೇರ ಮಾತಾಡುವ ಹಾಗಿರಲಿಲ್ಲ. ಅದಕ್ಕೆ ಆಯಿ ನಮ್ಮಿಬ್ಬರ ನಡುವೆ ಮಣೆ ಹಾಕಿಕೊಂಡು ಕೂತಳು. ನನಗೆ ಬೆಳ್ಳುಳ್ಳಿ ಬಿಡಿಸುವ ಕೆಲಸ.

"ಆಯಿ, ಬೆಳ್ಳುಳ್ಳಿ ಸಣ್ಣಗ ಹೆಚ್ಚಬೇಕು ಅಂತ ಅವರಿಗೆ ಹೇಳ್ರಿ" ಎಂದ ಅವನು.

"ಹೆಚ್ಚೇನಿ ಅನ್ನು ಆಯಿ" ಎಂದೆ ನಾನು.

"ಇದಕ್ಕಿಂತ ಸಣ್ಣಗ ಅನ್ರಿ."

"ಇದಕ್ಕಿಂತ ಸಣ್ಣಗಾದ್ರ ಕಣ್ಣಿಗೆ ಕಾಣಂಗಿಲ್ಲ ಅನ್ನು. ಅವರ ಬಂಬೈದಾಗ ಬೆಳ್ಳುಳ್ಳಿ ಉಣ್ತಾರೋ, ನಶ್ಯಾ ಏರಿಸ್ತಾರೋ ಕೇಳು."

ಅವನು ನಕ್ಕ ನಗುವಿಗೆ ಒಲೆಯ ಬೂದಿ ಹಾರಿತು. ಆಯಿ ಕತ್ತು ಆ ಕಡೆ ಈ ಕಡೆ ತಿರುಗಿಸಿ ಸಾಕಾಗಿ, "ನನ್ನೇನು ಟಪಾಲಿನವಳಂತ ತಿಳದೀರೇನು? ನಾ ಕಿವುಡಿ ಆಗೇನಿ, ನೀವ ಮಾತಾಡ್ರಿ" ಎಂದು ಕಣ್ಣು ಮುಚ್ಚಿ ಕೂತುಬಿಟ್ಟಳು. ತುಟಿ ಮಾತ್ರ ನಗುತ್ತಿತ್ತು.

ಅವನು ಒಣ ಸಿಗಡಿಯ ತಲೆ ಬಾಲ ಚಿವುಟಿ, ಬಿಸಿ ನೀರಿನಲ್ಲಿ ನೆನೆಸಿ, ಹಿಂಡಿ, ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಜೊತೆ ಹುರಿದ. ಕೆಂಪು ಮೆಣಸಿನಕಾಯಿಯನ್ನು ಕೈಯಲ್ಲೇ ಮುರಿದು ಹಾಕಿದ. ಟೊಮೇಟೊವನ್ನು ಹೆಚ್ಚಲಿಲ್ಲ, ಕಲ್ಲಿನ ಮೇಲೆ ಜಜ್ಜಿ ಹಾಕಿ, ಕೆಂಪಗೆ ದಪ್ಪಗಾಗುವ ತನಕ ತಾಳ್ಮೆಯಿಂದ ಕೈಯಾಡಿಸಿದ. ಆ ವಾಸನೆಗೆ ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿ, ಏನು ಹಬ್ಬ ಎಂದು ಕೇಳಿದರು. ಬೇರೆ ಪಾತ್ರೆಯಲ್ಲಿ ಉಪ್ಪು ನೀರು ಕುದಿಸಿ ಶಾವಿಗೆ ಬೇಯಿಸಿದ. ಬುಟ್ಟಿಗೆ ಸುರಿದು ಬಸಿದ. ಅಲ್ಲಿಗೆ ಎಲ್ಲ ಸರಿಯಾಗಿತ್ತು.

ನಮ್ಮ ಕಡೆ ಬಸಿದ ಶಾವಿಗೆ ಕಂಡರೆ ಹೆಂಗಸರ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಶಾವಿಗೆ ಎಂದರೆ ಬೆಲ್ಲ, ತುಪ್ಪ, ಹಾಲು, ಬೇರೆ ಮಾತೇ ಇಲ್ಲ. ಅವ್ವ ಒಳಗಿನಿಂದ ಬಂದವಳು, ಏನೋ ಮಾತಾಡುತ್ತಲೇ ಒಂದು ಹಿಡಿ ಪುಡಿ ಬೆಲ್ಲ ಶಾವಿಗೆಯ ಮೇಲೆ ಉದುರಿಸಿ, ಎರಡನೆಯ ಹಿಡಿಗೆ ಕೈ ಹಾಕಿದಳು. ಹುಡುಗ "ಅಯ್ಯಯ್ಯೋ ಕಾಕೀ!" ಎಂದು ಚೀರಿ, ಬುಟ್ಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತ. ಕೋಳಿಮರಿಗೆ ಹದ್ದು ಬಂದಾಗ ಕೋಳಿ ನಿಲ್ಲುತ್ತದಲ್ಲ, ಹಾಗೆ. ಅವ್ವ ನಾಲಿಗೆ ಕಚ್ಚಿಕೊಂಡಳು. ಅವನು ಒಂದು ಎಳೆ ರುಚಿ ನೋಡಿ, "ಇರ್ಲಿ ಬಿಡ್ರಿ, ಟೊಮೇಟೊ ಹುಳಿ ಭಾಳ ಅದಾವ, ಬೆಲ್ಲಾ ಬರೋಬ್ಬರಿ ಮಾಡ್ತದ" ಎಂದ. ಆ ಒಂದು ಮಾತಿಗೆ ಅವ್ವ ಕೂಡ ಅವನ ಕಡೆ ಆದಳು.

ಇನ್ನು ಸಿಹಿ. ಅವನು ತಂಬಿಗೆ ತುಂಬ ಹಾಲು ಕಾಯಿಸಿ, ಉಕ್ಕುವ ಹೊತ್ತಿಗೆ ನಿಂಬೆಹಣ್ಣು ಹಿಂಡಿದ. ಹಾಲು ಒಡೆಯಿತು. ಅವ್ವ ಎದೆ ಮೇಲೆ ಕೈ ಇಟ್ಟುಕೊಂಡು, "ಬೇಕಂತ ಯಾರಾರ ಹಾಲು ಒಡಸ್ತಾರೇನೋ ತಮ್ಮಾ?" ಎಂದು ಗೋಳಾಡಿದಳು. ಅವನು ಅಪ್ಪನ ಅಂಗಡಿಯ ಒಂದು ಬಿಳಿ ಬಟ್ಟೆಯ ತುಂಡಿನಲ್ಲಿ ಅದನ್ನು ಕಟ್ಟಿ ಗೂಟಕ್ಕೆ ತೂಗುಹಾಕಿದ. ನೀರೆಲ್ಲ ಇಳಿದ ಮೇಲೆ ಬೆಣ್ಣೆಯಂತೆ ನುಣ್ಣಗೆ ನಾದಿ, ಸಕ್ಕರೆ, ಏಲಕ್ಕಿ, ಒಣದ್ರಾಕ್ಷಿ ಬೆರೆಸಿದ. ತುಂಬಲು ಗರಿಗರಿ ಕೊಳವೆ ಬೇಕು ಎಂದ. ಮುಂಬೈಯಲ್ಲಿ ಅದಕ್ಕೆ ತಗಡಿನ ನಳಿಗೆ ಇರುತ್ತವಂತೆ. ಇಲ್ಲಿ ಎಲ್ಲಿಂದ ತರುವುದು? ಹಿತ್ತಲಲ್ಲಿ ಒಣ ಜೋಳದ ದಂಟು ಇತ್ತು. ಅದನ್ನು ತೊಳೆದು ಒರೆಸಿ, ಬೆರಳುದ್ದ ಕತ್ತರಿಸಿ, ಮೇಲೆ ತೆಳ್ಳಗೆ ಲಟ್ಟಿಸಿದ ಮೈದಾ ಹಿಟ್ಟಿನ ಹಾಳೆ ಸುತ್ತಿ ಎಣ್ಣೆಗೆ ಬಿಟ್ಟ. ಬೆಂದ ಮೇಲೆ ದಂಟು ಹೊರಗೆ ಎಳೆಯಬೇಕು, ಕೊಳವೆ ಒಡೆಯಬಾರದು. ಅವನದು ಒಡೆಯಿತು. ಅವನ ತಾಯಿಯದೂ ಒಡೆಯಿತು. ನಾನು ಒಂದನ್ನು ಹಿಡಿದು, ಚೂರು ತಿರುವಿ, ಸರ್ರನೆ ಎಳೆದೆ. ಕೊಳವೆ ನನ್ನ ಅಂಗೈಯಲ್ಲಿ ಇಡಿಯಾಗಿ ಉಳಿಯಿತು.

"ನಿನ್ನ ಕೈ ಭಾಳ ಹಗುರ ಅದ" ಎಂದ ಅವನು. ಆಯಿಯ ಮೂಲಕ ಅಲ್ಲ, ನನಗೇ ಹೇಳಿದ. ನೋಡಿ, ಹುಟ್ಟಿದಾಗಿನಿಂದ ಅಡುಗೆಮನೆಯಲ್ಲಿ ನನ್ನನ್ನು ಯಾರೂ ಹೊಗಳಿರಲಿಲ್ಲ. ನನ್ನ ಕಿವಿ ಎಷ್ಟು ಬಿಸಿಯಾದವೆಂದರೆ ಅವುಗಳ ಮೇಲೆ ಇನ್ನೊಂದು ಕೊಳವೆ ಬೇಯಿಸಬಹುದಿತ್ತು. ತಾಟು ತುಂಬ ಕೊಳವೆ ಎಳೆದು ಜೋಡಿಸಿದೆ, ಅವನು ಒಂದೊಂದಕ್ಕೂ ಹಾಲಿನ ಸಿಹಿ ತುಂಬಿದ. ಆಯಿ ನೋಡಿ, "ಗಾಂಜಾ ಸೇದೋ ಚಿಲಿಮಿ ಇದ್ದಂಗ ಅದಾವಲ್ಲೇ" ಎಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅವಕ್ಕೆ ಚಿಲಿಮಿ ಎಂದೇ ಹೆಸರು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು, ಕೈಕಾಲು ತೊಳೆದು, ಮಣೆಯ ಮೇಲೆ ಕೂತ. ಹುಡುಗನೇ ಬಡಿಸಿದ. ಅಪ್ಪ ಕೆಂಪು ಕೆಂಪು ಶಾವಿಗೆಯನ್ನು ಒಂದು ನಿಮಿಷ ದಿಟ್ಟಿಸಿದ. ಬೆರಳಿಗೆ ಸುತ್ತಿದ, ಬಾಯಿಗೆ ಹಾಕಿದ, ಅಗಿದ. ಬಾಗಿಲ ಸಂದಿಯಲ್ಲಿ ನಾವು ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದೆವು. ತಾಟು ಖಾಲಿ ಆಯಿತು. ಆಮೇಲೆ ಮುಖ ಎತ್ತದೆ, "ಇನ್ನಷ್ಟ ಹಾಕು" ಎಂದ.

ನಾನು ಅವನ ತಾಯಿಯನ್ನು ತಬ್ಬಿಕೊಂಡುಬಿಟ್ಟೆ. ಅವರೂ ನನ್ನ ಕೈ ಹಿಸುಕಿದರು. ಎರಡನೆಯ ಸಲವೂ ತಾಟು ಖಾಲಿ ಆಯಿತು. ಅಪ್ಪ ಬೆರಳು ನೆಕ್ಕಿದ! ಹಬ್ಬದ ಬಾಡೂಟದಲ್ಲೂ ಬೆರಳು ನೆಕ್ಕದ ಮನುಷ್ಯ. "ಗೆದ್ದ, ಗೆದ್ದ" ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದಳು.

ಆಗ ಹುಡುಗ ಚಿಲಿಮಿಯ ತಾಟು ತಂದು ಅಪ್ಪನ ಮುಂದಿಟ್ಟ.

ನಮ್ಮಲ್ಲಿ ಸಿಹಿ ಮೊದಲು ಬಡಿಸುತ್ತಾರೆ. ಊಟ ಮುಗಿದ ಮೇಲೆ ಸಿಹಿ ತರುವ ಪದ್ಧತಿಯೇ ಇಲ್ಲ. ಹಾಗಾಗಿ ಅವ್ವ ಆ ಚಿಲಿಮಿಗಳನ್ನು ಮರುದಿನದ ಬುತ್ತಿಗೆ ಎಂದುಕೊಂಡಿದ್ದಳು, ನಮಗೂ ಬೇರೆ ಯೋಚನೆ ಬಂದಿರಲಿಲ್ಲ. ವರ್ಷಗಟ್ಟಲೆ ಹೋಟೆಲಿನಲ್ಲಿದ್ದ ಹುಡುಗನಿಗೆ ಸಿಹಿ ಕೊನೆಗೇ ಬರಬೇಕು.

"ಇದರಾಗ ಏನದ?" ಎಂದ ಅಪ್ಪ.

"ಹಾಲಿಂದ್ರಿ ಕಾಕಾ, ಹಾಲು ಒಡಸಿ ಮಾಡೇನಿ" ಎಂದ ಹುಡುಗ, ಮುಖ ತುಂಬ ನಗು.

ಅವ್ವನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು. ಅವನ ತಾಯಿ, "ಮೀನಿನ ಮ್ಯಾಲ ಹಾಲು! ಏನ್ ಮಾಡಿದ್ಯೋ ಮಗನ" ಎಂದು ಬಾಯಿ ಮುಚ್ಚಿಕೊಂಡರು. ಸಿಗಡಿಯೂ ನಮಗೆ ಮೀನೇ. ಮೀನು ತಿಂದ ಹೊಟ್ಟೆಗೆ ಹಾಲು ಬಿದ್ದರೆ ಮೈ ಮೇಲೆ ಬಿಳಿ ಕಲೆ ಏಳುತ್ತದೆ ಎಂದು ನಮ್ಮ ಕಡೆ ಕೂಸುಗಳಿಗೂ ಗೊತ್ತು. ಅದು ಸುಳ್ಳೆಂದು ಇವತ್ತು ಯಾವ ಡಾಕ್ಟರಾದರೂ ಹೇಳುತ್ತಾರೆ. ಅವತ್ತು ನಮ್ಮ ಓಣಿಯಲ್ಲಿ ಹೇಳುವವರಿರಲಿಲ್ಲ.

ಅದರಲ್ಲೂ ನಮ್ಮ ಮನೆಯಲ್ಲಿ. ಆಯಿಗೆ ಒಬ್ಬಳೇ ಮಗಳು ಇದ್ದಳು, ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಮದುವೆಯ ವಯಸ್ಸಿನಲ್ಲಿ ಅವಳ ಮುಂಗೈ ಮೇಲೆ ಒಂದು ಬಿಳಿ ಕಲೆ ಎದ್ದಿತು, ಆಮೇಲೆ ತುಟಿಯ ಅಂಚಿಗೆ. ನೋಡಲು ಬಂದವರೆಲ್ಲ ಚಹಾ ಕುಡಿಯದೆ ತಿರುಗಿ ಹೋದರು. ಸಣ್ಣವಳಿದ್ದಾಗ ಮೀನು ಉಣಿಸಿ ಹಾಲು ಕುಡಿಸಿದ್ದಾಳೆ, ತಾಯಿಯದೇ ತಪ್ಪು ಎಂದು ಮಂದಿ ಆಡಿದರು. ಆಯಿಗೆ ಕುಡಿಸಿದ ನೆನಪಿರಲಿಲ್ಲ. ಕುಡಿಸಿಲ್ಲ ಎಂದು ಆಣೆ ಮಾಡುವಷ್ಟು ನೆನಪೂ ಇರಲಿಲ್ಲ. ಅತ್ತೆ ಮದುವೆಯಿಲ್ಲದೆ ಅದೇ ಮನೆಯಲ್ಲಿದ್ದು ಒಂದು ಜ್ವರಕ್ಕೆ ಹೋದಳು. ಅವಳ ಮಾತು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ, ಮೀನು ಬೆಂದ ದಿನ ಮನೆಯಲ್ಲಿ ಹಾಲಿನ ಪಾತ್ರೆ ಮುಚ್ಚಿಟ್ಟು ಅದರ ಮೇಲೆ ಕಲ್ಲು ಹೇರುತ್ತಿದ್ದರು.

ಹುಡುಗನಿಗೆ ಅತ್ತೆಯ ಕಥೆ ಏನೂ ಗೊತ್ತಿರಲಿಲ್ಲ. "ಏನೂ ಆಗಂಗಿಲ್ರಿ ಕಾಕಾ, ಅಲ್ಲಿ ನಾವು ದಿನಾ ತಿಂತೀವಿ. ನೋಡ್ರಿ" ಎಂದು ತೋಳು ತೋರಿಸಿದ.

"ನಿನ್ನ ಮೈ ನಿಂದು" ಎಂದ ಅಪ್ಪ. ಧ್ವನಿ ಏರಿಸಲಿಲ್ಲ, ಅದೇ ಹೆದರಿಕೆ ಆಗುವಂತಿತ್ತು. "ನಾಳಿ ನನ್ನ ಮಗಳಿಗೆ ಹಿಂಗ ಉಣ್ಣಸ್ತಿ. ಅಕಿ ಮೈಮ್ಯಾಲ ಒಂದು ಚುಕ್ಕಿ ಎದ್ದರ ಅಕಿನ್ನ ಯಾರು ನೋಡ್ತಾರ? ಊಟ ಛಲೋ ಇತ್ತು ತಮ್ಮಾ. ಮಾತ ಮುಗೀತು." ತಾಟಿನಲ್ಲಿ ಕೈ ತೊಳೆಯಲು ತಂಬಿಗೆ ಎತ್ತಿದ. ಆ ನೀರು ತಾಟಿಗೆ ಬಿದ್ದರೆ ಊಟ ಮುಗಿದಂತೆ, ಕೊಟ್ಟ ಮಾತು ತೀರಿದಂತೆ, ನಾನು ಕೋಟು ಹಾಕಿದ ಗುಮಾಸ್ತನ ಹೆಂಡತಿಯಾದಂತೆ.

ನಾನು ಬಾಗಿಲ ಸಂದಿಯಿಂದ ಹೊರಗೆ ಬಂದೆ. ಹೇಗೆ ಬಂದೆ ಗೊತ್ತಿಲ್ಲ, ಕಾಲು ಬಂದವು. ಅಪ್ಪನ ಎದುರಿಗೆ ನೆಲದ ಮೇಲೆ ಕೂತು, ಪಾತ್ರೆಗೇ ಕೈ ಹಾಕಿ ಸಿಗಡಿ ಶಾವಿಗೆ ಬಾಯಿಗೆ ತುಂಬಿಕೊಂಡೆ. ಅಷ್ಟು ರುಚಿ ಇರುತ್ತದೆಂದು ಯಾರಾದರೂ ಮೊದಲೇ ಹೇಳಬಾರದೇ! ಮತ್ತೊಂದು ಹಿಡಿ ತಿಂದೆ. ಎಲ್ಲರೂ ಬೆರಗಾಗಿ ನೋಡುತ್ತಿದ್ದರು, ಇವಳಿಗೆ ಹಸಿವಾಗಿದೆ ಎಂದುಕೊಂಡಿರಬೇಕು. ಆಮೇಲೆ ಚಿಲಿಮಿ ಎತ್ತಿಕೊಂಡೆ.

"ಬ್ಯಾಡ!" ಎಂದು ಚೀರಿದವಳು ಆಯಿ. ಅಲ್ಲಿಯವರೆಗೆ ನಮ್ಮ ಕಡೆ ಇದ್ದ ಆಯಿ, ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. "ಬ್ಯಾಡ ನನ್ನವ್ವಾ, ನಿನ್ನ ಕಾಲ ಬೀಳ್ತೀನಿ, ಬ್ಯಾಡ."

ಅಷ್ಟರಲ್ಲಿ ಕಡಿದಾಗಿತ್ತು. ಕರಕರ ಎಂದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಬಾಯಿ ತುಂಬ ಸಿಹಿ, ಕಣ್ಣು ತುಂಬ ನೀರು. ನುಂಗಿ, ಅಪ್ಪನಿಗೆ ಹೇಳಿದೆ: "ಈಗ ನನಗ ಚುಕ್ಕಿ ಬಂದ್ರ ಗುಮಾಸ್ತ ಒಲ್ಲೆ ಅಂತಾನ. ಎಲ್ಲಾರೂ ಒಲ್ಲೆ ಅಂತಾರ. ಇವರು ಮಾತ್ರ ಅನ್ನಂಗಿಲ್ಲ."

ಹುಡುಗನ ಕಡೆ ತಿರುಗಿ, "ಅಂತೀರೇನ್ರಿ?" ಎಂದೆ.

ಅವನ ನಗು ಎಲ್ಲೋ ಹೋಗಿತ್ತು. "ಇಲ್ಲ" ಎಂದ. ನಾನು ಕಚ್ಚಿ ಉಳಿಸಿದ್ದ ಚಿಲಿಮಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನು ತಿಂದ.

ಅಪ್ಪ ಎತ್ತಿದ ತಂಬಿಗೆಯನ್ನು ಹಾಗೆಯೇ ಹಿಡಿದಿದ್ದ. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡೆ. ಅವನು ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟ. ಒಂದು ಹನಿಯೂ ತಾಟಿಗೆ ಬೀಳಲಿಲ್ಲ.

"ಇತ್ತ ತಾ ಒಂದು" ಎಂದು ಕೈ ಚಾಚಿದ. "ಮಗಳಿಗೆ ಬರೋದು ನನಗೂ ಬರಲಿ."

ಅಪ್ಪ ಆ ಚಿಲಿಮಿಯನ್ನು ಕಣ್ಣು ಮುಚ್ಚಿಕೊಂಡು ಔಷಧ ನುಂಗುವವರಂತೆ ತಿನ್ನಲು ಶುರು ಮಾಡಿದ. ಅರ್ಧಕ್ಕೆ ಬಂದಾಗ ಕಣ್ಣು ತೆರೆದ. ಮುಗಿದ ಮೇಲೆ ತಾಟಿನ ಕಡೆ ನೋಡಿ, ಮತ್ತೊಂದು ಎತ್ತಿಕೊಂಡ. ಹುಡುಗನ ತಾಯಿ ನಕ್ಕರು, ಆಮೇಲೆ ಅವ್ವ ನಕ್ಕಳು, ಆಮೇಲೆ ನಮಗೆ ಯಾರಿಗೂ ನಗು ನಿಲ್ಲಿಸಲು ಬರಲಿಲ್ಲ. ಆಯಿ ಒಬ್ಬಳೇ ನಗಲಿಲ್ಲ. ಎದ್ದು ಒಳಗೆ ಹೋದಳು.

ಮದುವೆ ಸುಗ್ಗಿ ಮುಗಿದ ಮೇಲೆ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ದಿನಾ ಬೆಳಗಾದರೆ ಆಯಿ ನನ್ನನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಹೋಗಿ ಮುಂಗೈ, ತುಟಿ, ಕುತ್ತಿಗೆ ತಿರುವಿ ಮುರುವಿ ನೋಡುತ್ತಿದ್ದಳು. ಅಪ್ಪನನ್ನೂ ಬಿಡಲಿಲ್ಲ. ಅಂಗಡಿಗೆ ಹೊರಟವನನ್ನು ನಿಲ್ಲಿಸಿ ಅಂಗಿ ಬಿಚ್ಚಿಸುತ್ತಿದ್ದಳು. "ಯವ್ವಾ, ಗಿರಾಕಿ ಕಾಯಾಕತ್ತಾರ" ಎಂದು ಅಪ್ಪ ಕೂಗಾಡಿದರೂ ಕೇಳುತ್ತಿರಲಿಲ್ಲ. ಬಸವಕಲ್ಯಾಣದಿಂದ ಯಾರಾದರೂ ಬಂದರೆ, ಮುಂಬೈಯಲ್ಲಿ ಹುಡುಗನ ಮೈ ಹೇಗಿದೆ ಎಂದು ಮೊದಲು ಕೇಳುತ್ತಿದ್ದಳು. ನಾವು ಅವಳನ್ನು ಗೇಲಿ ಮಾಡಿ ನಗುತ್ತಿದ್ದೆವು. ನನಗಂತೂ ಆ ದಿನಗಳಲ್ಲಿ ಹಲ್ಲಿ ಲೊಚಗುಟ್ಟಿದರೂ ನಗು ಬರುತ್ತಿತ್ತು.

ಮದುವೆಯ ದಿನ ಬೆಳಗ್ಗೆ ಎಣ್ಣೆ ಹಚ್ಚಿ ನೀರೆರೆಯಲು ಆಯಿ ಬೇರೆ ಯಾರನ್ನೂ ಬಚ್ಚಲಿಗೆ ಬಿಡಲಿಲ್ಲ. ಬೆನ್ನು ನೋಡಿದಳು, ಕಿವಿಯ ಹಿಂದೆ ನೋಡಿದಳು, ಬೆರಳ ಸಂದಿಗಳನ್ನೂ ಬಿಡಿಸಿ ನೋಡಿದಳು. ಆಮೇಲೆ ತಂಬಿಗೆ ಕೆಳಗಿಟ್ಟಳು.

"ಏನೂ ಇಲ್ಲಲ್ಲೇ" ಎಂದಳು.

"ಏನೂ ಇಲ್ಲ ಆಯಿ."

"ನಿಮ್ಮಪ್ಪಗೂ ಇಲ್ಲ."

"ಇಲ್ಲ."

"ಹಂಗಾರ ನನ್ನ ಮಗಳಿಗೆ ನಾ ಏನೂ ಮಾಡಿಲ್ಲ."

ಅವಳು ಅದನ್ನು ಹೇಳಿದ್ದು ನನಗಲ್ಲ. ನಾನು ಎಣ್ಣೆ ಮೈಯಲ್ಲೇ ಅವಳನ್ನು ತಬ್ಬಿಕೊಂಡೆ. ಹೊರಗೆ ಅವ್ವ, ಗಂಡಿನವರು ಬಂದರು ಎಂದು ಬಾಗಿಲು ಬಡಿಯುತ್ತಿದ್ದಳು. ನಾವಿಬ್ಬರೂ ಅಲ್ಲೇ ಹಸಿ ನೆಲದ ಮೇಲೆ ಕೂತಿದ್ದೆವು.